ತೂಕ ಇಳಿಯಿತು, ತೊಗಲು ಉಳಿಯಿತು: ಆಪರೇಷನ್ನಿನ ಬಿಲ್ಲು ಯಾರ ತಲೆಗೆ?

ತಕ್ಕಡಿಯ ಮೇಲೆ ಬದುಕುವ ಸೀಮೆ ನಮ್ಮದು. ಯಾದಗಿರಿಯ ಗಂಜಿನಲ್ಲಿ ತೊಗರಿ ತೂಗುತ್ತಾರೆ, ಶಹಾಪುರದಲ್ಲಿ ಹತ್ತಿ ತೂಗುತ್ತಾರೆ, ಸುರಪುರದ ಸಂತೆಯಲ್ಲಿ ಬದನೆಕಾಯಿಯಿಂದ ಬೆಲ್ಲದವರೆಗೆ ಎಲ್ಲವನ್ನೂ ತೂಗುತ್ತಾರೆ. ಹತ್ತು ಗ್ರಾಂ ಹೆಚ್ಚು ಕಡಿಮೆಯಾದರೆ ಜಗಳಕ್ಕೆ ನಿಲ್ಲುವ ನಾವು, ಮನುಷ್ಯನ ಮೈತೂಕದ ಮಾತು ಬಂದಾಗ ಮಾತ್ರ ನಗೆಚಾಟಿಕೆಗೆ ಇಳಿಯುತ್ತೇವೆ. ದಪ್ಪ ಇದ್ದವರನ್ನು ಕಂಡರೆ ‘ಏನ್ರೀ ಸಾವಕಾರ್ರ, ಯಾವ ಅಂಗಡಿ ಅಕ್ಕಿ?’ ಅನ್ನುತ್ತೇವೆ. ಅವರೇ ಕಷ್ಟಪಟ್ಟು ಮೂವತ್ತು ನಲವತ್ತು ಕಿಲೋ ಇಳಿಸಿಕೊಂಡು ಬಂದರೆ ‘ಯಾಕ್ರೀ, ಶುಗರ್ ಬಂತೇನು? ಭಾಳ ಸೊರಗೀರಿ’ ಅನ್ನುತ್ತೇವೆ. ಆದರೆ ಅಂಗಿಯ ಒಳಗೆ ಅವರು ಹೊತ್ತು ತಿರುಗುವ ಇನ್ನೊಂದು ಭಾರದ ಸುದ್ದಿಯನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಅವರು ಹೇಳುವುದಿಲ್ಲ.

ಆ ಭಾರ ತೊಗಲಿನದು. ತೊಗರಿ ಚೀಲ ಖಾಲಿಯಾದರೆ ಮಡಿಚಿ ಮೂಲೆಗೆ ಇಡಬಹುದು. ಮೈಯ ಚೀಲ ಹಾಗೆ ಮಡಿಚಲು ಬರುವುದಿಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮದೊಳಗಿನ ಎಳೆಗಳು ಒಮ್ಮೆ ಸಡಿಲಗೊಂಡವೆಂದರೆ, ಒಳಗಿನ ಕೊಬ್ಬು ಕರಗಿದ ಮೇಲೂ ಅವು ಮೊದಲಿನಂತೆ ಬಿಗಿಯುವುದಿಲ್ಲ. ಹೊಟ್ಟೆಯ ತೊಗಲು ತೊಡೆಯ ಮೇಲೆ ಜೋತುಬೀಳುತ್ತದೆ. ತೋಳಿನ ಕೆಳಗೆ, ತೊಡೆಯ ಒಳಗೆ, ಎದೆಯ ಬದಿಗೆ ಮಡಿಕೆ ಮಡಿಕೆಯಾಗಿ ನೇತಾಡುತ್ತದೆ. ವ್ಯಾಯಾಮ ಮಾಡಿದರೆ ಒಳಗಿನ ಸ್ನಾಯು ಗಟ್ಟಿಯಾದೀತೇ ಹೊರತು ಹೊರಗಿನ ತೊಗಲು ಏರಲಾರದು. ಎಣ್ಣೆ, ಮುಲಾಮು, ಟಿವಿಯಲ್ಲಿ ಮಾರುವ ಬೆಲ್ಟು, ಇವೆಲ್ಲ ಮಾರುವವನ ಗಲ್ಲೆ ತುಂಬಿಸುವ ಸಾಮಾನುಗಳು. ಇಂಥ ತೊಗಲಿಗೆ ಇರುವ ಪರಿಹಾರ ಒಂದೇ, ಆಪರೇಷನ್. ಅದನ್ನು ಮಾಡುವವರು ಪ್ಲಾಸ್ಟಿಕ್ ಸರ್ಜನ್.

ಇಲ್ಲಿಂದ ಶುರುವಾಗುತ್ತದೆ ತಾಪತ್ರಯ. ‘ಪ್ಲಾಸ್ಟಿಕ್’ ಅಂದ ಕೂಡಲೇ ಸರಕಾರ ಮುಖ ತಿರುಗಿಸುತ್ತದೆ, ವಿಮಾ ಕಂಪನಿ ಕಡತ ಮುಚ್ಚುತ್ತದೆ, ತೆರಿಗೆ ಇಲಾಖೆ ಮಾತ್ರ ನಗುನಗುತ್ತ ಕೈ ಚಾಚುತ್ತದೆ!

ಹಸಿದ ಜಿಲ್ಲೆಯಲ್ಲಿ ಇದೆಂಥ ಮಾತು?

ಓದುಗರಲ್ಲಿ ಕೆಲವರು ಈಗಾಗಲೇ ಹುಬ್ಬು ಗಂಟಿಕ್ಕಿರಬಹುದು. ‘ನಮ್ಮ ಜಿಲ್ಲೆಯ ಮಕ್ಕಳಿಗೆ ಹೊಟ್ಟೆತುಂಬ ಅನ್ನ ಇಲ್ಲ, ಬಾಣಂತಿಯರಿಗೆ ರಕ್ತ ಇಲ್ಲ, ಅರ್ಧ ಊರು ಗುಳೆ ಹೋಗೇದ. ಇವರಿಗೆ ಹೊಟ್ಟಿ ತೊಗಲಿನ ಚಿಂತಿ!’ ಎಂದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆಳವಣಿಗೆ ಕುಂಠಿತವಾದ ಮಕ್ಕಳ ಪಟ್ಟಿಯಲ್ಲಿ ಯಾದಗಿರಿ ಜಿಲ್ಲೆ ರಾಜ್ಯದ ಮುಂಚೂಣಿಯಲ್ಲಿತ್ತು. ನಾಚಿಕೆಪಡಬೇಕಾದ ಮುಂಚೂಣಿ ಅದು. 2002ರ ನಂಜುಂಡಪ್ಪ ಸಮಿತಿ ವರದಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ‘ಅತ್ಯಂತ ಹಿಂದುಳಿದ’ ತಾಲೂಕುಗಳೆಂದು ನಮೂದಾದದ್ದನ್ನೂ ನಾವು ಮರೆತಿಲ್ಲ.

ಆದರೆ ಅದೇ ಸಮೀಕ್ಷೆ ಇನ್ನೊಂದು ಲೆಕ್ಕವನ್ನೂ ಹೇಳಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರು ಮತ್ತು ಗಂಡಸರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಅತಿತೂಕದವರು. ಅದಕ್ಕೂ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಈ ಲೆಕ್ಕ ಇಪ್ಪತ್ತೆರಡು ಇಪ್ಪತ್ತಮೂರರ ಆಸುಪಾಸು ಇತ್ತು. ಒಂದೇ ಓಣಿಯಲ್ಲಿ ಒಂದು ಮನೆಯ ಕೂಸು ಸೊರಗಿರುತ್ತದೆ, ಇನ್ನೊಂದು ಮನೆಯ ಹಿರಿಯರು ಗಲ್ಲೆಯ ಮುಂದೆ ಹದಿನಾಲ್ಕು ತಾಸು ಕೂತು ಊದಿರುತ್ತಾರೆ. ಎರಡೂ ರೋಗವೇ. ಒಬ್ಬರ ಹಸಿವನ್ನು ತೋರಿಸಿ ಇನ್ನೊಬ್ಬರ ಹುಣ್ಣನ್ನು ಮುಚ್ಚಿಡುವುದು ನ್ಯಾಯವಲ್ಲ.

ಹುಣ್ಣು ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ನಮ್ಮ ಬ್ಯಾಸಗಿ ಎಂಥದ್ದೆಂದು ಯಾರಿಗೂ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ ನಲವತ್ತು ದಾಟುತ್ತದೆ. ಜೋತುಬಿದ್ದ ತೊಗಲಿನ ಮಡಿಕೆಯಲ್ಲಿ ಬೆವರು ನಿಲ್ಲುತ್ತದೆ, ಚರ್ಮಕ್ಕೆ ಚರ್ಮ ಉಜ್ಜುತ್ತದೆ, ಕೆಂಪಾಗಿ ತುರಿಸಿ, ಹುಳುಕಡ್ಡಿಯಾಗಿ, ಕೊನೆಗೆ ಬಿರಿದು ಕೀವಾಗುತ್ತದೆ. ಸೀರೆಯ ಲಂಗದ ನಾಡಿ, ಪ್ಯಾಂಟಿನ ಬೆಲ್ಟು ಅದರ ಮೇಲೆಯೇ ಕೂರುತ್ತವೆ. ಮುಲಾಮು ಹಚ್ಚಿದರೆ ಹದಿನೈದು ದಿನ ಕಡಿಮೆ, ಮತ್ತೆ ಯಥಾಪ್ರಕಾರ. ಸುರಪುರದಿಂದ ಯಾದಗಿರಿಗೆ ದಿನಾ ಬಸ್ಸಿನಲ್ಲಿ ನಿಂತು ಓಡಾಡುವ ಹೆಣ್ಣುಮಗಳಿಗೆ ಈ ಕಷ್ಟ ಇದ್ದರೆ, ಅದನ್ನು ಸೋಕಿ ಅನ್ನಲು ನಾಲಿಗೆ ಹೇಗೆ ಬರುತ್ತದೆ?

ಇನ್ನು ಮುಂದೆ ಇಂಥವರ ಸಂಖ್ಯೆ ಹೆಚ್ಚೀತೇ ಹೊರತು ಕಡಿಮೆಯಾಗದು. ಹೊಟ್ಟೆಯ ಚೀಲ ಚಿಕ್ಕದು ಮಾಡುವ ಆಪರೇಷನ್ ಹೈದರಾಬಾದು, ಬೆಂಗಳೂರುಗಳಲ್ಲಿ ಮಾಮೂಲಾಗಿದೆ. 2025ರ ಮಾರ್ಚಿನಲ್ಲಿ ಮೌಂಜಾರೋ, ಜೂನಿನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಔಷಧ ಅಂಗಡಿಗೆ ಬಂದವು. ತೂಕ ಇಳಿಸುವ ದಾರಿ ಅಗಲವಾಯಿತು. ಇಳಿದ ಮೇಲಿನ ದಾರಿ ಎಲ್ಲಿಗೆ ಹೋಗುತ್ತದೆಂದು ಮಾತ್ರ ಯಾರೂ ಹೇಳಲೊಲ್ಲರು.

‘ಪ್ಲಾಸ್ಟಿಕ್’ ಅಂದರೆ ಬಕೆಟ್ಟಲ್ಲ

ಹೆಸರಿನ ಭ್ರಮೆಯನ್ನು ಮೊದಲು ಬಿಡಿಸಿಕೊಳ್ಳೋಣ. ಈ ಚಿಕಿತ್ಸೆಯಲ್ಲಿ ಮೈಯೊಳಗೆ ಪ್ಲಾಸ್ಟಿಕ್ ತುಂಬುವುದಿಲ್ಲ. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ರೂಪ ಕೊಡುವುದು, ತಿದ್ದುವುದು ಎಂದರ್ಥ. ಈ ವಿದ್ಯೆ ನಮಗೆ ಹೊಸದೂ ಅಲ್ಲ. ಮೂಗು ಕಟ್ಟುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕವಾಸಜಿ ಎಂಬಾತ ಕೈದಿಯಾಗಿ ಸಿಕ್ಕು ಮೂಗು ಕಳೆದುಕೊಂಡ. ಪುಣೆ ಕಡೆಯ ಒಬ್ಬ ಕುಶಲಿ ಆತನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದ. ಆ ಸುದ್ದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಅಚ್ಚಾಗಿ, ಅದನ್ನು ಓದಿಕೊಂಡು ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯ 1814ರಲ್ಲಿ ತನ್ನೂರಿನಲ್ಲಿ ಅದೇ ಆಪರೇಷನ್ ಮಾಡಿದ. ಒಬ್ಬ ಬಂಡಿ ಹೊಡೆಯುವವನ ಮೂಗಿನಿಂದ ಜಗತ್ತು ಕಲಿತ ವಿದ್ಯೆ ಇದು. ಇಂದು ಅದನ್ನು ಸಿನಿಮಾ ತಾರೆಯರ ಸೊತ್ತೆಂದು ತಿಳಿದು ಕೂತಿದ್ದೇವೆ.

ಕಾಯದೆ ಗೆರೆ ಎಳೆದದ್ದು ಎಲ್ಲಿ?

ಈಗ ರೊಕ್ಕದ ಮಾತಿಗೆ ಬರೋಣ. ಮೂರು ಕಡೆ ಮೂರು ಗೆರೆಗಳಿವೆ.

ಮೊದಲನೆಯದು ಸರಕಾರದ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ಸುಟ್ಟಗಾಯಕ್ಕೆ, ಪುನಾರಚನೆಯ ಪ್ಲಾಸ್ಟಿಕ್ ಸರ್ಜರಿಗೆ ಕೇಂದ್ರದ ಯೋಜನೆಯಲ್ಲಿ ಪ್ಯಾಕೇಜುಗಳಿವೆ. ಆದರೆ ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆಗೆ ಇಲ್ಲ. ಸರಿಯೇ. ಬಡವರ ತೆರಿಗೆಯ ಹಣದಲ್ಲಿ ಯಾರ ಮೂಗನ್ನೂ ಚೂಪು ಮಾಡಬೇಕಿಲ್ಲ. ಪ್ರಶ್ನೆ ಇಷ್ಟೇ: ಕೀವು ಸೋರುವ ತೊಗಲು ‘ಸೌಂದರ್ಯ’ದ ಕೆಳಗೆ ಬರುತ್ತದೋ, ‘ರೋಗ’ದ ಕೆಳಗೆ ಬರುತ್ತದೋ?

ಎರಡನೆಯದು ಖಾಸಗಿ ವಿಮೆ. ಅಂಗಡಿಕಾರರಲ್ಲಿ ಪಾಲಿಸಿ ಮಾಡಿಸಿದವರು ಬಹಳ ಮಂದಿ ಇದ್ದಾರೆ. ಪಾಲಿಸಿ ಕಾಗದದ ಕೊನೆಯ ಪುಟಗಳನ್ನು ಓದಿದವರು ಕಡಿಮೆ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯ ಹೊರಗಿಡುವ ಕಲಮುಗಳನ್ನು ಹಾಕಿಕೊಟ್ಟಿದೆ. ಅದರಲ್ಲಿ ಎಂಟನೆಯದು ಪ್ಲಾಸ್ಟಿಕ್ ಸರ್ಜರಿಯದು. ರೂಪ ಬದಲಿಸುವ ಚಿಕಿತ್ಸೆಗೆ ಹಣ ಇಲ್ಲ ಎಂದು ಅದು ಹೇಳುತ್ತದೆ, ನಿಜ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನಾರಚನೆಗೆ ಹಣ ಇದೆ. ರೋಗಿಯ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತಪ್ಪಿಸಲು ಬೇಕಾದ ಚಿಕಿತ್ಸೆಗೂ ಇದೆ. ಷರತ್ತು ಏನೆಂದರೆ ಚಿಕಿತ್ಸೆ ಮಾಡುವ ವೈದ್ಯರು ಹಾಗೆಂದು ಬರೆದುಕೊಡಬೇಕು. ಅದೇ ಪಟ್ಟಿಯ ಆರನೆಯ ಕಲಮಿನಲ್ಲಿ ಬೊಜ್ಜಿನ ಆಪರೇಷನ್ನಿಗೂ ಬಾಗಿಲು ತೆರೆದಿದೆ: ವಯಸ್ಸು 18 ದಾಟಿರಬೇಕು, ತೂಕ-ಎತ್ತರದ ಸೂಚಿ 40 ಇರಬೇಕು, ಅಥವಾ 35 ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆಯಂಥ ಕಾಯಿಲೆ ಜೊತೆಗಿರಬೇಕು, ಬೇರೆ ಉಪಾಯ ಫಲಿಸಿರಬಾರದು. ಅಂದರೆ ಕೊಬ್ಬು ಇಳಿಸಲು ವಿಮೆ ಹಣ ಕೊಟ್ಟೀತು. ಆ ಚಿಕಿತ್ಸೆಯಿಂದಲೇ ಉಳಿದ ತೊಗಲಿಗೆ ಮಾತ್ರ ‘ನೋಡೋಣ’ ಅನ್ನುತ್ತದೆ. ಅರ್ಧ ಬಾವಿ ತೋಡಿಸಿ ಹಗ್ಗ ಕತ್ತರಿಸಿದ ಹಾಗೆ!

ಮೂರನೆಯದು ನಮ್ಮ ವ್ಯಾಪಾರಿಗಳಿಗೆ ಚೆನ್ನಾಗಿ ಪರಿಚಯವಿರುವ ಜಿಎಸ್‌ಟಿ. ದವಾಖಾನೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಈ ತೆರಿಗೆ ಇಲ್ಲ. ಪ್ಲಾಸ್ಟಿಕ್ ಸರ್ಜರಿಗೆ ಆ ವಿನಾಯಿತಿ ಸಿಗುವುದು ಹುಟ್ಟಿನ ದೋಷ, ಬೆಳವಣಿಗೆಯ ದೋಷ, ಗಾಯ ಅಥವಾ ಆಘಾತದಿಂದ ಕೆಟ್ಟ ಅಂಗವನ್ನು ಸರಿಪಡಿಸಲು ಮಾಡಿದಾಗ ಮಾತ್ರ. ಉಳಿದದ್ದಕ್ಕೆ ಶೇ. 18. ತೂಕ ಇಳಿದು ಉಳಿದ ತೊಗಲಿನ ಹೆಸರು ಆ ವಿನಾಯಿತಿಯ ಪಟ್ಟಿಯಲ್ಲಿಲ್ಲ. ‘ಇನ್‌ಪುಟ್ ಕ್ರೆಡಿಟ್ ತಗೊಂಡ್ರಾಯ್ತು ಬಿಡ್ರಿ’ ಎಂದು ಯಾರಾದರೂ ಅಂದುಕೊಂಡಿದ್ದರೆ, ಅದೂ ಇಲ್ಲ. ಕಾಯದೆಯ 17(5)ನೇ ಕಲಮು ಪ್ಲಾಸ್ಟಿಕ್ ಸರ್ಜರಿಯ ಹೆಸರು ಹೇಳಿಯೇ ಅದನ್ನು ತಡೆದಿದೆ. ಆರೋಗ್ಯ ವಿಮೆಯ ವೈಯಕ್ತಿಕ ಪಾಲಿಸಿಯ ಕಂತಿನ ಮೇಲಿದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ ಸರಕಾರ, ಕೀವಾಗುವ ತೊಗಲಿನ ಆಪರೇಷನ್ನಿನ ಮೇಲಿನದನ್ನೂ ತೆಗೆಯಲು ಏನು ಅಡ್ಡಿ?

ಪಂಚಾಂಗ ನೋಡಿ ಹೊರಡಿ

ಸರಕಾರ ತಿದ್ದಿಕೊಳ್ಳುವ ತನಕ ರೋಗಿ ಕಾಯುತ್ತ ಕೂರಲಾರ. ಆದ್ದರಿಂದ ಯೋಜನೆಯ ನಾಲ್ಕು ಮಾತು.

ಅವಸರ ಬೇಡ. ತೂಕ ಇಳಿದ ಮರುತಿಂಗಳೇ ಓಡುವ ಕೆಲಸವಲ್ಲ ಇದು. ತೂಕ ಒಂದೇ ಕಡೆ ನಿಂತು ಕನಿಷ್ಠ ಆರು ತಿಂಗಳಾದರೂ ಆಗಿರಬೇಕು. ಹೊಟ್ಟೆಯ ಚೀಲ ಚಿಕ್ಕದು ಮಾಡಿಸಿಕೊಂಡವರು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕಾಯಬೇಕಾಗುತ್ತದೆ. ಇನ್ನೂ ಇಳಿಯುವುದಿದ್ದರೆ ಮತ್ತೆ ತೊಗಲು ಜೋಲುತ್ತದೆ, ಮತ್ತೆ ಏರಿದರೆ ಮಾಡಿದ್ದೆಲ್ಲ ನೀರುಪಾಲು. ಮಕ್ಕಳು ಬೇಕೆಂಬ ವಿಚಾರವಿದ್ದ ಹೆಣ್ಣುಮಕ್ಕಳು ಹೊಟ್ಟೆಯ ಆಪರೇಷನ್ನನ್ನು ಬಾಣಂತನದ ನಂತರಕ್ಕೆ ಇಟ್ಟುಕೊಳ್ಳುವುದು ಲೇಸು.

ರಕ್ತ ನೋಡಿಸಿ. ಊಟ ಕಡಿಮೆಯಾಗಿ ತೂಕ ಇಳಿದವರಲ್ಲಿ ಕಬ್ಬಿಣಾಂಶ, ಬಿ12, ಪ್ರೋಟೀನು ಕುಸಿದಿರುತ್ತವೆ. ನಮ್ಮ ಭಾಗದ ಹೆಂಗಸರಲ್ಲಿ ರಕ್ತಹೀನತೆ ಮೊದಲೇ ಉಂಟು. ರಕ್ತ ಕಡಿಮೆ ಇದ್ದರೆ, ಸಕ್ಕರೆ ಹತೋಟಿ ತಪ್ಪಿದ್ದರೆ, ಹೊಲಿದ ಗಾಯ ಕೂಡುವುದಿಲ್ಲ. ಬೀಡಿ, ಸಿಗರೇಟು, ತಂಬಾಕು ಜಗಿಯುವುದನ್ನು ಆಪರೇಷನ್ನಿಗೆ ಕನಿಷ್ಠ ನಾಲ್ಕು ವಾರ ಮುಂಚೆಯೇ ಬಿಟ್ಟು, ಗಾಯ ಒಣಗುವ ತನಕ ಮುಟ್ಟಬಾರದು. ಬಿಟ್ಟೆನೆಂದು ಡಾಕ್ಟರರಿಗೆ ಸುಳ್ಳು ಹೇಳಿದರೆ ಮೋಸಹೋಗುವುದು ನಿಮ್ಮದೇ ಹೊಲಿಗೆ.

ಏನು ಮಾಡಿಸಿಕೊಳ್ಳುತ್ತಿದ್ದೀರಿ ಎಂಬುದನ್ನು ತಿಳಿದುಕೊಳ್ಳಿ. ಜೋತುಬಿದ್ದ ತೊಗಲನ್ನಷ್ಟೇ ಕತ್ತರಿಸಿ ತೆಗೆಯುವುದು ಒಂದು. ಅದರ ಜೊತೆ ಹೊಟ್ಟೆಯ ಸ್ನಾಯು ಬಿಗಿದು ಹೊಕ್ಕುಳನ್ನು ಹೊಸ ಜಾಗಕ್ಕೆ ಕೂಡಿಸುವುದು ಇನ್ನೊಂದು. ಮೊದಲನೆಯದಕ್ಕೆ ರೋಗದ ಕಾರಣ ತೋರಿಸುವುದು ಸುಲಭ, ಎರಡನೆಯದನ್ನು ವಿಮೆಯವರು ರೂಪದ ಖಾತೆಗೆ ಹಾಕುತ್ತಾರೆ. ಹೊಟ್ಟೆ, ತೋಳು, ತೊಡೆ ಎಲ್ಲ ಒಂದೇ ಸಲಕ್ಕೆ ಮಾಡಿಕೊಡುತ್ತೇವೆ ಎನ್ನುವವರಿಂದ ದೂರ ಇರಿ. ಹಂತ ಹಂತವಾಗಿ, ನಡುವೆ ತಿಂಗಳುಗಳ ಬಿಡುವು ಕೊಟ್ಟು ಮಾಡುವುದೇ ಕ್ಷೇಮ. ಉದ್ದ ಗಾಯದ ಕಲೆ ಜೀವಮಾನವಿಡೀ ಉಳಿಯುತ್ತದೆ. ಗಾಯ ಬಿರಿಯುವುದು, ನೀರು ತುಂಬುವುದು, ನಂಜಾಗುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಪುಪ್ಪುಸಕ್ಕೆ ಏರುವುದು, ಇವೆಲ್ಲ ಇರುವ ಅಪಾಯಗಳೇ. ಇವನ್ನು ಬಾಯಿಬಿಟ್ಟು ಹೇಳದ ವೈದ್ಯರ ಹತ್ತಿರ ಸಹಿ ಹಾಕಬೇಡಿ.

ಕಾಲ ನೋಡಿ. ಆಪರೇಷನ್ ಆದ ಮೇಲೆ ವಾರಗಟ್ಟಲೆ ಬಿಗಿ ಪಟ್ಟಿಯ ಉಡುಪು ತೊಡಬೇಕು. ಮೇ ತಿಂಗಳ ಯಾದಗಿರಿಯಲ್ಲಿ ಅದನ್ನು ತೊಡುವುದು ಶಿಕ್ಷೆ. ಸುಮಾರು ಆರು ವಾರ ಚೀಲ ಎತ್ತುವಂತಿಲ್ಲ, ಕೊಡ ಹೊರುವಂತಿಲ್ಲ. ತೊಗರಿ ಬರುವ ಸುಗ್ಗಿಯಲ್ಲಿ ಅಡತಿಯವರು, ಮದುವೆ ದಿನಗಳಲ್ಲಿ ಅರಿವೆ ಅಂಗಡಿಯವರು ಹೀಗೆ ಕೂರಲಾದೀತೆ? ಬಹಳ ಮಂದಿ ವ್ಯಾಪಾರಿಗಳಿಗೆ ಆಷಾಢವೇ ಸೂಕ್ತ. ಮದುವೆ ಇಲ್ಲ, ವ್ಯಾಪಾರ ಇಲ್ಲ, ಮಳೆಗೆ ಮೈ ತಂಪು.

ಗಲ್ಲೆಯ ಲೆಕ್ಕ

ದವಾಖಾನೆಯವರು ಬಾಯಲ್ಲಿ ಹೇಳುವ ‘ಪ್ಯಾಕೇಜು’ ಖರ್ಚಿನ ಒಂದು ಪಾಲು ಮಾತ್ರ. ಸರ್ಜನ್ನರ ಫೀಸು, ಅರಿವಳಿಕೆಯವರ ಫೀಸು, ಥಿಯೇಟರು, ವಾರ್ಡು, ರಕ್ತ ಪರೀಕ್ಷೆ, ಔಷಧ, ಪಟ್ಟಿಯ ಉಡುಪು, ಜಿಎಸ್‌ಟಿ, ಗಾಯ ಕೆಟ್ಟರೆ ಮತ್ತೆ ದಾಖಲಾಗುವ ಖರ್ಚು, ಪ್ರತಿಯೊಂದನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಅದರ ಕೆಳಗೆ ನಿಮ್ಮ ಖರ್ಚು ಬರೆಯಿರಿ: ಜೊತೆಗೆ ಬಂದವರ ಊಟ, ಲಾಡ್ಜು, ಮುಚ್ಚಿದ ಅಂಗಡಿಯ ನಷ್ಟ, ತಪ್ಪಿದ ಕೂಲಿ. ಹೊಟ್ಟೆ ಹೊಲಿಸಿಕೊಂಡ ಮೂರನೇ ದಿನ ರಾತ್ರಿ ಬಸ್ಸು ಹತ್ತಿ ಊರಿಗೆ ಬರುವ ಹಟ ಬೇಡ. ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತರೆ ರಕ್ತ ಹೆಪ್ಪುಗಟ್ಟುವ ಭಯವಿದೆ. ನೀರು ಹೊರಹೋಗಲು ಇಟ್ಟ ನಳಿಕೆ ತೆಗೆದು, ಡಾಕ್ಟರರು ಹೂಂ ಅನ್ನುವ ತನಕ ಅಲ್ಲೇ ಇರುವ ಲೆಕ್ಕ ಹಾಕಿ. ಶಕ್ತಿ ಯೋಜನೆಯಿಂದ 2023ರ ಜೂನಿನಿಂದ ಹೆಂಗಸರಿಗೆ ಸಾದಾ ಸರಕಾರಿ ಬಸ್ಸಿನಲ್ಲಿ ರಾಜ್ಯದೊಳಗೆ ಟಿಕೇಟು ಇಲ್ಲ. ಕಲಬುರಗಿಗೆ, ಬೆಂಗಳೂರಿಗೆ ಮೇಲಿಂದ ಮೇಲೆ ತೋರಿಸಲು ಹೋಗುವವರಿಗೆ ಅದು ಉಳಿತಾಯವೇ. ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಅದು ನಡೆಯದು.

ಶಹಾಪುರದ ಒಬ್ಬ ಕಿರಾಣಿ ಅಂಗಡಿಯವರು ಎಂದು ಇಟ್ಟುಕೊಳ್ಳಿ. ದರ ಇಷ್ಟೇ ಅಂತಲ್ಲ, ಗುಣಾಕಾರ ಸುಲಭವಾಗಲೆಂದು ಬಿಲ್ಲು 2 ಲಕ್ಷ ಎಂದು ಹಿಡಿಯೋಣ. ಶೇ. 18 ಜಿಎಸ್‌ಟಿ 36,000. ಒಟ್ಟು 2,36,000. ಕೈಯಲ್ಲಿ ಇಲ್ಲ, ನೂರಕ್ಕೆ ತಿಂಗಳಿಗೆ ಮೂರರಂತೆ ಕೈಸಾಲ ತಂದರು. ತಿಂಗಳ ಬಡ್ಡಿ 7,080. ವರ್ಷಕ್ಕೆ ಬಡ್ಡಿಯೇ 84,960, ಅಸಲು ಹಾಗೇ ನಿಂತಿದೆ. ಮೈಮೇಲಿನ ತೊಗಲು ಇಳಿಯಿತು, ತಲೆಮೇಲೆ ಸಾಲ ಏರಿತು. ಇದು ಯಾವ ಸೀಮೆಯ ಆರೋಗ್ಯ?

ಕೆಲವು ಕಡೆ ‘ಬಡ್ಡಿಯಿಲ್ಲದ ಹಪ್ತಾ’ ಎಂದು ಬೋರ್ಡು ಹಾಕುತ್ತಾರೆ. ಬಡ್ಡಿಯೇ ಇಲ್ಲದ ಸಾಲ ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿ ಹೇಳಿದೆ. ಬಡ್ಡಿ ಬಿಲ್ಲಿನೊಳಗೆ ಅಡಗಿರುತ್ತದೆ, ಇಲ್ಲವೆ ‘ಪ್ರೊಸೆಸಿಂಗ್’ ಎಂಬ ವೇಷ ಹಾಕಿರುತ್ತದೆ. ರೊಕ್ಕ ಒಂದೇ ಸಲಕ್ಕೆ ಕಟ್ಟಿದರೆ ಎಷ್ಟು ಬಿಡುತ್ತೀರಿ ಎಂದು ಕೇಳಿ ನೋಡಿ, ಬಡ್ಡಿ ಎಷ್ಟಿತ್ತೆಂದು ತಾನಾಗಿ ತಿಳಿಯುತ್ತದೆ. ದಿನಾ ಗಿರಾಕಿಗಳ ಚೌಕಾಸಿ ಕೇಳುವ ನಮ್ಮ ಅಂಗಡಿಕಾರರಿಗೆ ಇದನ್ನು ಕಲಿಸಬೇಕೆ? ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದನ್ನು ಕಂಡ ಮೇಲೂ, ಬ್ಯಾಂಕಿನ ಬಂಗಾರದ ಸಾಲವನ್ನು ಬಿಟ್ಟು ಮನೆಬಾಗಿಲ ಸಾಲಕ್ಕೆ ಬೀಳುವುದು ಜಾಣತನವಲ್ಲ.

ವಿಮೆ ಇದ್ದವರು ಕಾಗದ ಕಟ್ಟಿಡಲಿ. ಹುಣ್ಣಾದಾಗಲೆಲ್ಲ ಚರ್ಮದ ಡಾಕ್ಟರರಿಗೆ ತೋರಿಸಿದ ಚೀಟಿ, ಹಚ್ಚಿದ ಮುಲಾಮಿನ ರಸೀದಿ, ದಿನಾಂಕ ಸಹಿತ ಫೋಟೋ, ತಿಂಗಳ ತಿಂಗಳ ತೂಕದ ದಾಖಲೆ. ಅಮೆರಿಕದ ವಿಮಾ ಕಂಪನಿಗಳೂ ಸಾಮಾನ್ಯವಾಗಿ ಇದನ್ನೇ ಕೇಳುತ್ತವೆ: ತೂಕ ನಿಂತಿದೆಯೇ, ತಿಂಗಳುಗಟ್ಟಲೆ ಔಷಧ ಮಾಡಿಯೂ ಹುಣ್ಣು ಮಾಯಲಿಲ್ಲವೇ, ನಡೆದಾಡಲು ಅಡ್ಡಿಯಿದೆಯೇ ಎಂದು. ಆಪರೇಷನ್ನಿಗೆ ಮುಂಚೆಯೇ ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ಕೇಳಿ. ಇಲ್ಲವೆಂದರೆ ಕಾರಣವನ್ನೂ ಬರಹದಲ್ಲೇ ಪಡೆದು, ಬೆಂಗಳೂರಿನ ವಿಮಾ ಲೋಕಪಾಲರಿಗೆ ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಫೀಸು ಇಲ್ಲ, ವಕೀಲರೂ ಬೇಡ.

ಬೋರ್ಡು ನೋಡಿ ಮೋಸಹೋಗಬೇಡಿ

2022ರ ಮೇ ತಿಂಗಳಲ್ಲಿ ಕನ್ನಡ ಧಾರಾವಾಹಿಗಳ ಯುವ ನಟಿ ಚೇತನಾ ರಾಜ್ ಬೆಂಗಳೂರಿನ ಒಂದು ಕೇಂದ್ರದಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡರು. ವಯಸ್ಸು 21. ತಮಗೆ ತಿಳಿಸದೆ ಹೋಗಿದ್ದಳು ಎಂದು ಹೆತ್ತವರು ಗೋಳಾಡಿದರು. ಆರೋಗ್ಯ ಇಲಾಖೆ ಆ ಕೇಂದ್ರಕ್ಕೆ ನೋಟಿಸು ಕೊಟ್ಟಿತು. ಅದು ತೂಕ ಇಳಿದ ಮೇಲಿನ ತೊಗಲಿನ ಆಪರೇಷನ್ ಅಲ್ಲ, ಬೇರೆಯದು. ಆದರೆ ಪಾಠ ಒಂದೇ: ಇಂಥ ಚಿಕಿತ್ಸೆ ಯಾವುದೂ ಕ್ಷೌರದಂಗಡಿಯ ಕೆಲಸವಲ್ಲ. ಅರಿವಳಿಕೆ, ಐಸಿಯು, ರಕ್ತದ ವ್ಯವಸ್ಥೆ ಇರುವ ದವಾಖಾನೆಯೇ ಬೇಕು. ಮನೆಯವರಿಗೆ ಮುಚ್ಚಿಟ್ಟು ಹೋಗಬಾರದು. ನಾವು ನಗೆಚಾಟಿಕೆ ಮಾಡಿದಷ್ಟೂ ಮಂದಿ ಮುಚ್ಚಿಟ್ಟೇ ಹೋಗುತ್ತಾರೆ, ಇದನ್ನು ಊರಿನವರೂ ಅರಿಯಬೇಕು.

ವೈದ್ಯರ ಪದವಿ ಕೇಳುವುದು ಅಗೌರವವಲ್ಲ. ಎಂಬಿಬಿಎಸ್, ಎಂಎಸ್ ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರೇ ಈ ಕೆಲಸದವರು. ‘ಕಾಸ್ಮೆಟಿಕ್ ತಜ್ಞ’ ಎಂಬ ಬೋರ್ಡು ಪದವಿಯಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯದೆಯ ಪ್ರಕಾರ ಪ್ರತಿ ಖಾಸಗಿ ದವಾಖಾನೆಯೂ ನೋಂದಣಿ ಮಾಡಿಸಿರಬೇಕು, ದರಪಟ್ಟಿ ತೋರಿಸಬೇಕು. ದೂರಿದ್ದರೆ ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ.

ಜಿಲ್ಲೆಗೆ ಬೇಕಾದ್ದು ಏನು?

ನಮ್ಮ ಬೇಡಿಕೆ ಆಕಾಶದ್ದಲ್ಲ. 2010ರಲ್ಲಿ ಬಿಪಿಎಲ್ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಬಂದಾಗ ರಾಜ್ಯದಲ್ಲಿ ಮೊದಲು ಜಾರಿಯಾದದ್ದು ನಮ್ಮ ಗುಲಬರ್ಗಾ ವಿಭಾಗದಲ್ಲಿ. ಅದೇ ವರ್ಷ ಏಪ್ರಿಲಿನಲ್ಲಿ ಯಾದಗಿರಿ ಜಿಲ್ಲೆಯಾಯಿತು. ಈಗ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. 371(ಜೆ) ಕಲಮು ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇದೆ. ಇಷ್ಟೆಲ್ಲ ಇದ್ದೂ ಒಬ್ಬ ರೋಗಿ ‘ಇದು ರೋಗವೋ ರೂಪವೋ’ ಎಂದು ಬರೆಸಿಕೊಳ್ಳಲು ಇನ್ನೂರು ಮುನ್ನೂರು ಮೈಲಿ ಹೋಗಬೇಕೆ?

ಒಂದು, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತಿಂಗಳಿಗೆ ಎರಡು ದಿನವಾದರೂ ಪ್ಲಾಸ್ಟಿಕ್ ಸರ್ಜನ್ನರು ಕೂರುವ ವ್ಯವಸ್ಥೆಯಾಗಲಿ. ಇದರ ದೊಡ್ಡ ಲಾಭ ತೂಕ ಇಳಿದವರಿಗಲ್ಲ. ಸ್ಟೋವಿನ, ಒಲೆಯ ಬೆಂಕಿಗೆ ಸಿಕ್ಕು ಕತ್ತು ಎದೆಗೆ ಅಂಟಿಕೊಂಡ ಹೆಣ್ಣುಮಕ್ಕಳಿಗೆ, ಯಂತ್ರಕ್ಕೆ ಬೆರಳು ಕೊಟ್ಟ ಕೂಲಿಯವರಿಗೆ, ಸೀಳುತುಟಿಯ ಕೂಸುಗಳಿಗೆ. ಅದೇ ಬಾಗಿಲಿನಲ್ಲಿ ಇವರೂ ಸರದಿಯಲ್ಲಿ ನಿಲ್ಲುತ್ತಾರೆ, ಹಿಂದೆ ನಿಲ್ಲಿ ಅಂದರೆ ಹಿಂದೆಯೇ ನಿಲ್ಲುತ್ತಾರೆ.

ಎರಡು, ಆರೋಗ್ಯ ಕರ್ನಾಟಕದ ನಿಯಮದಲ್ಲಿ ಈ ತೊಗಲಿನ ಬಗ್ಗೆ ಒಂದು ಸ್ಪಷ್ಟ ಸಾಲು ಬರಲಿ. ಇಷ್ಟು ತಿಂಗಳು ತೂಕ ನಿಂತಿದೆ, ಇಷ್ಟು ತಿಂಗಳು ಔಷಧ ಮಾಡಿಯೂ ಹುಣ್ಣು ಮಾಯ್ದಿಲ್ಲ, ಸರಕಾರಿ ವೈದ್ಯರು ಬರೆದುಕೊಟ್ಟಿದ್ದಾರೆ, ಹಾಗಿದ್ದರೆ ಜೋತ ತೊಗಲು ತೆಗೆಯಲು ಹಣ ಸಿಗಲಿ. ತೋಳು ಚಂದ ಕಾಣಲಿ, ಸೊಂಟ ಸಣ್ಣಗಾಗಲಿ ಎನ್ನುವವರು ತಮ್ಮ ಕಿಸೆಯಿಂದ ಕೊಡಲಿ. ಹಣ ಕೊಡುವಾಗ ನೋಡಬೇಕಾದ್ದು ಆಪರೇಷನ್ನಿನ ಹೆಸರನ್ನಲ್ಲ, ರೋಗಿಯ ಕಷ್ಟವನ್ನು.

ಮೂರು, ವೈದ್ಯರು ರೋಗವೆಂದು ಬರೆದುಕೊಟ್ಟ ಇಂಥ ಆಪರೇಷನ್ನಿಗೆ ಜಿಎಸ್‌ಟಿ ವಿನಾಯಿತಿ ಕೊಡಬೇಕೆಂದು ನಮ್ಮ ಭಾಗದ ಸಂಸದರು, ಶಾಸಕರು ಜಿಎಸ್‌ಟಿ ಮಂಡಳಿಯ ಮುಂದೆ ಇಡಿಸಲಿ. ಚುನಾವಣೆಗೆ ಬಂದಾಗ ನಮ್ಮ ತಲೆ ಎಣಿಸುವವರು, ನಡುವೆ ಒಮ್ಮೆ ನಮ್ಮ ಬಿಲ್ಲನ್ನೂ ಎಣಿಸಲಿ.

ನಾಲ್ಕನೆಯದು ಸರಕಾರದ ಕೆಲಸವಲ್ಲ, ನಮ್ಮದು. ನಲವತ್ತು ಕಿಲೋ ಇಳಿಸಿಕೊಂಡವರು ಎದುರಿಗೆ ಬಂದರೆ ‘ಶುಗರ್ ಬಂತೇನು’ ಎಂಬ ಪ್ರಶ್ನೆಯನ್ನು ಬಿಟ್ಟು, ‘ಆರಾಮ ಇದ್ದೀರೇನ್ರೀ?’ ಎಂದು ಕೇಳೋಣ. ಅದಕ್ಕೆ ಪ್ಯಾಕೇಜು ಬೇಡ, ತೆರಿಗೆಯೂ ಇಲ್ಲ.